ಕನ್ನಡಿಯ ಎರಡೂ ಬದಿಗೆ ಒಂದೊಂದು ಬಲ್ಬ್ ಪಾಯಿಂಟ್ ಇರಲಿ

ಮಾನ್ಯ ಸಂಪಾದಕರೇ,

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮನೆಗಳಿಗೆ ಹೋಗಿ ಮದುಮಗಳಿಗೆ ಮೇಕಪ್ ಮಾಡುವುದು ನನ್ನ ಕೆಲಸ. ಹೊಸ ಮನೆ ಕಟ್ಟಿಸುವವರಿಗೆ ಒಂದು ಮಾತು ಹೇಳಬೇಕು ಅನಿಸಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಮನೆ ಸುತ್ತ ಅಡಿಕೆ ತೋಟ. ಒಳಕೋಣೆಗೆ ಹಗಲಲ್ಲೂ ಬೆಳಕು ಕಡಿಮೆ. ಟ್ಯೂಬ್‌ಲೈಟ್ ಇರುವುದು ಕನ್ನಡಿಗಿಂತ ಎಷ್ಟೋ ಮೇಲೆ, ಸ್ಲ್ಯಾಬಿನ ಹತ್ತಿರ. ಕಳೆದ ವರ್ಷ ಅಂಥದ್ದೇ ಕೋಣೆಯಲ್ಲಿ ಬೆಳಗ್ಗೆ 5 ಗಂಟೆಗೆ ಒಬ್ಬಳು ಹುಡುಗಿಗೆ ಮೇಕಪ್ ಮಾಡಿದೆ. ಕಣ್ಣ ಕೆಳಗೆ ಕಪ್ಪು ಕಂಡಿತು, ಕಲೆ ಮುಚ್ಚುವ ಕನ್ಸೀಲರ್ ಹಚ್ಚಿದೆ. ಮತ್ತೂ ಕಂಡಿತು, ಮತ್ತೂ ಹಚ್ಚಿದೆ. ಅಂಗಳದ ಚಪ್ಪರಕ್ಕೆ ಬಂದು ನೋಡಿದರೆ ಬೂದಿ ಬಳಿದ ಹಾಗೆ ಎರಡು ಬಿಳಿ ಪಟ್ಟಿ! ಅದು ಕಲೆಯೇ ಆಗಿರಲಿಲ್ಲ, ಮೇಲಿನ ದೀಪದ ನೆರಳು. ಮುಹೂರ್ತಕ್ಕೆ ಹೊತ್ತಾಗಿತ್ತು. ಫೋಟೊದಲ್ಲಿ ಹಾಗೇ ಉಳಿದಿದೆ. ಆ ಹುಡುಗಿ ಏನೂ ಹೇಳಲಿಲ್ಲ. ನನಗೆ ಈಗಲೂ ಬೇಜಾರು.

ಬೆಳಕು ಎದುರಿಂದ ಬರಬೇಕು, ಎರಡೂ ಕೆನ್ನೆಗೆ ಸಮವಾಗಿ ಬೀಳಬೇಕು. ಕನ್ನಡಿಯ ಎಡಕ್ಕೊಂದು, ಬಲಕ್ಕೊಂದು, ಕೂತಾಗ ಮುಖದ ಎತ್ತರಕ್ಕೆ 9 ವಾಟಿನ ಎಲ್‌ಇಡಿ ಬಲ್ಬ್ ಸಾಕು. ಎರಡೂ ಒಂದೇ ಬಣ್ಣದ ಬೆಳಕಿನದ್ದಾಗಿರಲಿ. ಬೆಳಕಿನ ಬಣ್ಣ ಯಾವುದೆಂದು ಪೆಟ್ಟಿಗೆಯಲ್ಲಿ ಕೆಲ್ವಿನ್ ಲೆಕ್ಕದಲ್ಲಿ ಬರೆದಿರುತ್ತದೆ. 3000 ಅಂದರೆ ಹಳದಿ. ಅಂಗಡಿಯಲ್ಲಿ ಸುಮ್ನೆ ಬಲ್ಬ್ ಕೊಡಿ ಅಂದರೆ ಹೆಚ್ಚಾಗಿ ಸಿಗುವುದು 6500ರದ್ದು, ನೀಲಿ ಬೆರೆತ ಬಿಳಿ. ಅದರಲ್ಲಿ ಮುಖ ಪೇಲವವಾಗಿ ಕಂಡು ಕೆನ್ನೆಗೆ ಬಣ್ಣ ಜಾಸ್ತಿ ಹಚ್ಚಿಬಿಡುತ್ತೇವೆ. 4000ದಿಂದ 5000ದ ಒಳಗಿನದ್ದು ಕೇಳಿ ತನ್ನಿ. ಸಿಆರ್‌ಐ, ಅಂದರೆ ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ, 90ಕ್ಕಿಂತ ಮೇಲಿದ್ದರೆ ಚರ್ಮದ ಬಣ್ಣ, ಸೀರೆಯ ಬಣ್ಣ ಇದ್ದ ಹಾಗೇ ಕಾಣುತ್ತದೆ. ಗೋಡೆಗೆ ಕಡು ಹಸಿರು ಪೈಂಟ್ ಇದ್ದರೆ ಅದೂ ಮುಖಕ್ಕೆ ಹೊಡೆಯುತ್ತದೆ. ಅದು ತಪ್ಪಲು ಪಕ್ಕದ ಗೋಡೆಗೆ ಒಂದು ಬಿಳಿ ವೇಷ್ಟಿ (ಪಂಚೆ) ನೇತುಹಾಕಿ.

ನನ್ನ ಸೋದರಮಾವ ಯಕ್ಷಗಾನದ ವೇಷಧಾರಿ. ರಂಗದಲ್ಲಿ ಯಾವ ಬೆಳಕೋ ಆ ಬೆಳಕಲ್ಲೇ ಬಣ್ಣ ನೋಡಬೇಕು ಅನ್ನುತ್ತಿದ್ದರು. ಹಗಲಿನ ಮದುವೆಗಾದರೆ ಕಿಟಕಿಗೆ ಮುಖ ಮಾಡಿ ಕೂರಿ, ಬೆನ್ನು ಮಾಡಬೇಡಿ. ನೇರ ಬಿಸಿಲು ಬಂದರೆ ತೆಳು ಬಿಳಿ ಬಟ್ಟೆ ಅಡ್ಡ ಕಟ್ಟಿ. ರಾತ್ರಿ ರಿಸೆಪ್ಷನ್ ಇದ್ದರೆ ಹೊರಡುವ ಮೊದಲು ಹಳದಿ ದೀಪದಲ್ಲೂ ಒಮ್ಮೆ ನೋಡಿಕೊಳ್ಳಿ.

ಗೋಡೆಗೆ ಸಾರಣೆ ಆಗುವ ಮೊದಲೇ ವಯರಿಂಗಿನವರಿಗೆ ಈ ಎರಡು ಪಾಯಿಂಟ್ ಹೇಳಿಬಿಡಿ. ಆಮೇಲೆ ಗೋಡೆ ಕೊರೆಯಬೇಕಾಗುತ್ತದೆ. ಕಲ್ಯಾಣ ಮಂಟಪದವರೂ ಮದುಮಗಳ ಕೋಣೆಗೆ ಹೀಗೆ ಮಾಡಿಸಿದರೆ ದೊಡ್ಡ ಉಪಕಾರ.

– ಒಬ್ಬ ಬ್ಯೂಟಿಷಿಯನ್, ಬದಿಯಡ್ಕ