ಕೋಲಾರದ ಟೊಮೆಟೊ ಮಂಡಿಯ ಆ ಅಣ್ಣನಿಗೆ

ಕ್ಯಾಮೆರಾ ಕೊಂಡು 6 ತಿಂಗಳಾಯಿತು. ಹೂವು, ಅಂತರಗಂಗೆ ಬೆಟ್ಟ, ಸೂರ್ಯಾಸ್ತ ಎಲ್ಲ ಮುಗಿಯಿತು. ಇನ್ನು ಮನುಷ್ಯರ ಮುಖದಲ್ಲಿರುವ ಆವೇಶ ಹಿಡಿಯಬೇಕು ಅಂತ ಕಳೆದ ವಾರ ಕೋಲಾರದ ಎಪಿಎಂಸಿಗೆ ಹೋಗಿದ್ದೆ. ಹರಾಜು ನೋಡಿದವರಿಗೆ ಗೊತ್ತು, 15 ಕೆಜಿ ಬಾಕ್ಸಿಗೆ ಹತ್ತು ರೂಪಾಯಿ ಆಚೆ ಈಚೆ ಆದರೂ ಅಲ್ಲಿ ಮುಖಗಳೇ ಬದಲಾಗುತ್ತವೆ.

ನನಗೆ ಸಿಕ್ಕಿದ್ದು ಬರೀ ಬೆನ್ನುಗಳು. ಜನ ತಳ್ಳಿದರು, ಲೆನ್ಸಿನ ಮುಚ್ಚಳ ಎಲ್ಲೋ ಬಿತ್ತು, ತೆಗೆದ ನಲವತ್ತು ಫೋಟೋನೂ ಮಸುಕು. ಸಾಕು ಅಂತ ಬ್ಯಾಗಿನ ಜಿಪ್ ಎಳೆಯುತ್ತಿದ್ದಾಗ, ತಲೆಗೆ ಟವೆಲ್ ಸುತ್ತಿದ್ದ ಒಬ್ಬ ಹಮಾಲಿ ಅಣ್ಣ ಬಂದು, ಏನೂ ಕೇಳದೆ ಎರಡು ಖಾಲಿ ಕ್ರೇಟು ಬೋರಲು ಹಾಕಿ, ಗಟ್ಟಿ ಇದೆಯಾ ಅಂತ ಕಾಲಲ್ಲಿ ಒತ್ತಿ ನೋಡಿ, "ಹತ್ತಿ ಸಾರ್, ನಾನು ಹಿಡ್ಕೊತೀನಿ" ಅಂದರು. ಒಂದು ಕೈ ಕ್ರೇಟಿನ ಮೇಲೆ, ಇನ್ನೊಂದರಲ್ಲಿ ನನ್ನ ಬ್ಯಾಗು. "ಕೂಗೋರನ್ನ ಬಿಡಿ, ಮಾಲು ತಂದೋರನ್ನ ನೋಡಿ" ಅಂದಿದ್ದೂ ಅವರೇ.

ಕಡಿಮೆ ಬೆಳಕಿಗೆ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 3200ಕ್ಕೆ, ಮಸುಕಾಗದಿರಲಿ ಅಂತ ಶಟರ್ ವೇಗ 1/250 ಸೆಕೆಂಡಿಗೆ ಏರಿಸಿ ಆ ಕಡೆ ತಿರುಗಿದೆ. ಒಬ್ಬ ರೈತ. ಅರ್ಧ ತೆರೆದ ಬಾಯಿ, ಮುಷ್ಟಿಯಲ್ಲಿ ಮುದುಡಿದ ಚೀಟಿ, ರೆಪ್ಪೆ ಕೂಡ ಬಡಿಯುತ್ತಿಲ್ಲ. ಸಿಕ್ಕಿತು! ಅಷ್ಟು ಹೊತ್ತಿನ ಬೇಜಾರೆಲ್ಲ ಒಂದೇ ಕ್ಲಿಕ್ಕಿಗೆ ಇಳಿಯಿತು.

ಇಳಿದು ತೋರಿಸೋಣ ಅಂದರೆ ಅಣ್ಣ ಬ್ಯಾಗು ನನ್ನ ಹೆಗಲಿಗೆ ಹಾಕಿ, ಬಾಕ್ಸು ಹೊತ್ತು ಲಾರಿ ಕಡೆ ಹೊರಟೇ ಬಿಟ್ಟರು. ಹೆಸರೂ ಕೇಳಲಿಲ್ಲ, ನನ್ನ ಬುದ್ಧಿಗಿಷ್ಟು. ಮನೆಗೆ ಬಂದು ನೋಡಿದರೆ ಬ್ಯಾಗಿನ ಪಕ್ಕದ ಜೇಬಲ್ಲಿ ಲೆನ್ಸಿನ ಮುಚ್ಚಳ, ಅದೂ ಒರೆಸಿಟ್ಟಿದ್ದು.

ಅಣ್ಣಾ, ಥ್ಯಾಂಕ್ಸ್. ಪ್ರಿಂಟ್ ಹಾಕಿಸಿದ್ದೀನಿ, ಶನಿವಾರ ತರ್ತೀನಿ.