ಗೆಳೆಯನಿಗೊಂದು ಪತ್ರ: ಸೇತುವೆಯಾಚೆಯ ಕೇರಿ

ಪ್ರಿಯ ಗೆಳೆಯ,

ಈ ಜೆಕ್ ದೇಶಕ್ಕೆ ಬಂದವರೆಲ್ಲ ರಾಜಧಾನಿ ಪ್ರಾಗ್ ಒಂದನ್ನೇ ನೋಡಿ ಹಿಂದಿರುಗುತ್ತಾರೆ ಎಂದು ನೀನು ಕೆಣಕಿದ್ದೆಯಲ್ಲ, ಅದಕ್ಕೆ ಉತ್ತರವಾಗಿ ಈ ಪತ್ರ. ಹೋದ ವಾರ ಬ್ರನೋ ನಗರದಿಂದ ರೈಲು ಹಿಡಿದು ಮೊರಾವಿಯಾ ಪ್ರಾಂತದ ತ್ರೆಬೀಚ್ ಎಂಬ ಸಣ್ಣ ಊರಿಗೆ ಹೋಗಿಬಂದೆ. ಯಿಹ್ಲಾವಾ ನದಿಯ ಒಂದು ದಡದಲ್ಲಿ ಪೇಟೆ. ಇನ್ನೊಂದು ದಡದಲ್ಲಿ, ನೀರಿಗೂ ಗುಡ್ಡಕ್ಕೂ ನಡುವೆ ಒತ್ತರಿಸಿಕೊಂಡು ನಿಂತಿರುವ ಹಳೆಯ ಯಹೂದಿ ಕೇರಿ. ಕೇರಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ; ಕನ್ನಡದಲ್ಲಿ ಅದಕ್ಕಿರುವ ಭಾರ ಇಲ್ಲಿಯೂ ಸಲ್ಲುತ್ತದೆ.

ಹರಡಿಕೊಳ್ಳಲು ಜಾಗವಿರಲಿಲ್ಲವಾದ್ದರಿಂದ ಜನ ಮನೆಯ ಮೇಲೆ ಮನೆ ಕಟ್ಟಿದರು. ಒಂದೇ ಕಟ್ಟಡದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಒಡೆಯರಾದರು. ಎರಡು ಮುಖ್ಯ ಬೀದಿಗಳನ್ನು ಕೂಡಿಸುವ ಓಣಿಗಳು ಕೆಲವೆಡೆ ಮನೆಗಳ ಅಡಿಯಲ್ಲೇ, ಕಮಾನಿನೊಳಗೆ ನುಸುಳುತ್ತವೆ. ತಣ್ಣಗಿನ ಅರೆಗತ್ತಲಲ್ಲಿ ಹತ್ತು ಹೆಜ್ಜೆ ಇಟ್ಟರೆ ಯಾರದೋ ಕಿಟಕಿಯ ಕೆಳಗೆ ಬಿಸಿಲಿಗೆ ಬಂದಿರುತ್ತೀಯೆ. 1848ರ ನಂತರ ಯಹೂದಿಗಳ ಮೇಲಿನ ಕಟ್ಟುಪಾಡುಗಳು ಸಡಿಲಗೊಂಡಾಗ ಅನುಕೂಲಸ್ಥರು ಹೊರಗೆ ಹೋದರು, ಬಡವರು ಬಂದು ಸೇರಿದರು. ಕೆಡವಿ ಹೊಸದು ಕಟ್ಟುವಷ್ಟು ಹಣ ಯಾರ ಬಳಿಯೂ ಇರಲಿಲ್ಲ. ಈ ಕೇರಿ ಉಳಿದದ್ದಕ್ಕೆ ಪ್ರೀತಿಗಿಂತ ಬಡತನವೇ ಹೆಚ್ಚು ಕಾರಣವೆಂದು ನನಗನ್ನಿಸುತ್ತದೆ. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಇಡೀ ಕೇರಿಯನ್ನೇ ನೆಲಸಮ ಮಾಡುವ ಯೋಜನೆಯಿತ್ತು, ಅದೂ ಕೈಗೂಡಲಿಲ್ಲ.

ಮನೆಗಳು ಉಳಿದವು, ಮನೆಯವರು ಉಳಿಯಲಿಲ್ಲ. 1942ರಲ್ಲಿ ನಾಜಿಗಳು ಈ ಊರಿನ 281 ಯಹೂದಿಗಳನ್ನು ಸಾಗಿಸಿಕೊಂಡು ಹೋದರು. ಹಿಂದಿರುಗಿದವರು ಹತ್ತು ಮಂದಿಯಷ್ಟೇ. ಗುಡ್ಡದ ಆಚೆಬದಿಯ ಸ್ಮಶಾನದಲ್ಲಿ ಸುಮಾರು 3000 ಸಮಾಧಿಕಲ್ಲುಗಳಿವೆ. ಮರಗಳ ನೆರಳಲ್ಲಿ ಪಾಚಿಗಟ್ಟಿ ಒಂದಕ್ಕೊಂದು ಒರಗಿರುವ ಆ ಕಲ್ಲುಗಳ ನೆತ್ತಿಯ ಮೇಲೆ ಬಂದುಹೋದವರು ಇಟ್ಟ ಚಿಕ್ಕ ಚಿಕ್ಕ ಹರಳುಗಳು.

ಮೇಲಿನ ದಿಬ್ಬದಲ್ಲಿರುವ ಸಂತ ಪ್ರೊಕೊಪಿಯಸ್ ಬೆಸಿಲಿಕಾ ಎಂಬ ದೊಡ್ಡ ಚರ್ಚಿನ ಕಥೆಯೂ ಇದಕ್ಕೆ ದೂರದ್ದಲ್ಲ. 1101ರಲ್ಲಿ ಸ್ಥಾಪಿತವಾದ ಬೆನೆಡಿಕ್ಟಿನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠಕ್ಕಾಗಿ 13ನೇ ಶತಮಾನದಲ್ಲಿ ಕಟ್ಟಿದ ಈ ದೇಗುಲ, 1468ರಲ್ಲಿ ಹಂಗೇರಿಯ ದೊರೆ ಮಥಿಯಾಸನ ಸೈನ್ಯದ ಮುತ್ತಿಗೆಯಲ್ಲಿ ಜಖಂಗೊಂಡಿತು. ಮಠ ಪಾಳೆಯಗಾರರ ಕೋಟೆಮನೆಯಾದ ಮೇಲೆ ಇಲ್ಲಿ ಕುದುರೆಗಳನ್ನೂ ಕಟ್ಟಿದರು. ಮತ್ತೆ ಪೂಜೆಗೆ ಸಿದ್ಧವಾದದ್ದು 18ನೇ ಶತಮಾನದಲ್ಲಿ. ಕೇರಿ, ಸ್ಮಶಾನ, ಬೆಸಿಲಿಕಾ ಮೂರನ್ನೂ 2003ರಲ್ಲಿ ಯುನೆಸ್ಕೋ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ಧರ್ಮಗಳು ಅಕ್ಕಪಕ್ಕ ಬಾಳಿದ್ದಕ್ಕೆ ಇದು ಸಾಕ್ಷಿಯೆನ್ನುತ್ತಾರೆ. ಮಾತು ಸರಿಯೇ, ಆದರೆ ಅಕ್ಕಪಕ್ಕವೆಂದರೆ ಸಮಸಮವೆಂದಲ್ಲ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಕೇರಿಯ ‘ಹಿಂಬದಿಯ ಸಿನಗಾಗ್’ ಎಂಬ ಯಹೂದಿ ಪ್ರಾರ್ಥನಾ ಮಂದಿರ. ಗೋದಾಮಾಗಿದ್ದ ಕಾಲದ ಗಾಯಗಳನ್ನು ದಾಟಿ, 18ನೇ ಶತಮಾನದ ಆರಂಭದಲ್ಲಿ ಗೋಡೆಯ ಮೇಲೆ ಬರೆದ ಹೀಬ್ರೂ ಪ್ರಾರ್ಥನೆಗಳು ಈಗ ಮತ್ತೆ ಕಾಣಿಸುತ್ತವೆ. ಹೆಂಗಸರು ಕೂರುತ್ತಿದ್ದ ಮೇಲಂತಸ್ತಿನಲ್ಲಿ 1850ರ ಸುಮಾರಿನ ಇಡೀ ಕೇರಿಯ ಪುಟ್ಟ ಮಾದರಿಯನ್ನು ಇರಿಸಿದ್ದಾರೆ. ನೀನು ಬಂದಾಗ ಮೊದಲು ಅದನ್ನು ನೋಡಿ ಆಮೇಲೆ ಬೀದಿಗಿಳಿಯೋಣ. ನಾನು ಉಲ್ಟಾ ಮಾಡಿ, ಆ ಕಮಾನುಗಳ ಕೆಳಗೆ ಎರಡು ಸಲ ದಾರಿ ತಪ್ಪಿದೆ.

ನಿನ್ನ ಗೆಳೆಯ