ನನ್ನೊಡನೆ ಜಗಳವಾಡಿದವರಿಗೆ ವಂದನೆ

ಕಳೆದ ವಾರ ನನ್ನ ಸೊಂಟನೋವಿಗೆ ಆರು ವರ್ಷ ತುಂಬಿತು. ಅದೇ ವಾರ ನಾನು ಪೂರ್ಣಾವಧಿ ಕೆಲಸಕ್ಕೆ ಮರಳಿ ಒಂದು ವರ್ಷವೂ ಆಯಿತು. ನೋವು ಹೋಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಂದನೆ ಎಂಬ ಪದ ಕಂಡ ಕೂಡಲೇ ಹಿತೈಷಿಗಳು ‘ಅಂತೂ ಗುಣವಾಯಿತಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಮರುದಿನ ನಾನು ಗೋಡೆಗೆ ಒರಗಿ ನಿಂತದ್ದು ಕಂಡರೆ ಮೋಸಹೋದವರಂತೆ ನೋಡುತ್ತಾರೆ. ಗುಣವಾಗಿಲ್ಲ. ಆದರೆ ನಮ್ಮ ಮನೆ ಮತ್ತೆ ಮನೆಯಂತೆ ಗಲಾಟೆ ಮಾಡುತ್ತಿದೆ. ಅದಕ್ಕೆ ಕಾರಣರಾದವರಿಗೆ ಈ ಬರಹ.

ಶುರುವಾದದ್ದು ಮಗಳ ಶಾಲೆಯ ಚೀಲ ಎತ್ತಲು ಬಗ್ಗಿದಾಗ. ಚೀಲವೇನೂ ಭಾರವಿರಲಿಲ್ಲ. ಸೊಂಟ ಚಳಕ್ಕೆಂದಿತು, ಎಡಗಾಲಿನ ಹೆಬ್ಬೆರಳಿನ ತನಕ ಮಿಂಚು ಹರಿದಂತಾಯಿತು. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಜಾರಿದೆ ಎಂದರು, ಐದು ತಿಂಗಳಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಕಾಲಿನ ನೋವು ಹೋಯಿತು, ಸೊಂಟದ್ದು ಉಳಿಯಿತು. ಮತ್ತೆ ಸ್ಕ್ಯಾನ್ ಮಾಡಿಸಿದೆವು. ಒಬ್ಬ ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು, ‘ಎಲ್ಲ ಸರಿಯಾಗಿದೆ, ನಿಮಗೇನೂ ಇಲ್ಲ’ ಎಂದರು. ಆ ಏನೂ ಇಲ್ಲದ ಜಾಗವನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದೆ.

ಆದ್ದರಿಂದ ಮೊದಲ ವಂದನೆ, ಎರಡೂವರೆ ವರ್ಷ ಅಲೆದ ಮೇಲೆ ಸಿಕ್ಕ ನೋವಿನ ಚಿಕಿತ್ಸೆಯ ವೈದ್ಯೆಗೆ. ಅವರು ಫಿಲ್ಮನ್ನು ಪಕ್ಕಕ್ಕಿಟ್ಟು ನನ್ನ ಮಾತು ಕೇಳಿದರು. ಮೂರು ತಿಂಗಳು ಮೀರಿಯೂ ಉಳಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರಂತೆ. ಗಾಯ ಮಾಗಿದ ಮೇಲೂ ನರಗಳೂ ಮಿದುಳೂ ಕಾವಲಿನಿಂದ ಇಳಿಯದೆ ಸಣ್ಣ ಸದ್ದಿಗೂ ಕೂಗಿಕೊಳ್ಳುತ್ತವೆ ಎಂದು ವಿವರಿಸಿದರು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಟಿಪ್ಪಣಿಯಲ್ಲಿ ಬರೆದುಕೊಂಡಿದೆ ಎಂಬುದನ್ನೂ ಅವರೇ ತಿಳಿಸಿದರು. ನನ್ನ ಮಾತನ್ನು ನಂಬಲು ಒಂದು ಸಂಘವೇ ಕೂತು ತೀರ್ಮಾನಿಸಬೇಕಾಯಿತೇ ಎಂದು ಆಗ ನಗು ಬಂತು. ಮನೆಗೆ ಬಂದು ಹೆಂಡತಿಗೆ ಹೇಳುವಾಗ ಮಾತ್ರ ಗಂಟಲು ಕಟ್ಟಿತು.

ಆ ದಿನ ಮಗಳೂ ಜೊತೆಗಿದ್ದಳು, ಹನ್ನೊಂದರ ಹತ್ತಿರದ ಹುಡುಗಿ. ಇದ್ದಕ್ಕಿದ್ದಂತೆ, ‘ಚೀಲ ನಾನು ದಾರಿಯಲ್ಲಿ ಇಟ್ಟಿದ್ದೆ’ ಎಂದಳು. ಎರಡೂವರೆ ವರ್ಷ ಅವಳು ಅದನ್ನು ಹೊತ್ತುಕೊಂಡಿದ್ದಳೆಂದು ನಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲ. ವೈದ್ಯೆ ತಮ್ಮ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತರು. ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದ್ದಾರೆ, 20ರ ಹರೆಯದವರಲ್ಲೇ ನೂರಕ್ಕೆ 30 ಮಂದಿಯ ಡಿಸ್ಕ್ ಉಬ್ಬಿರುತ್ತದೆ, 80ರ ವಯಸ್ಸಿನವರಲ್ಲಿ ನೂರಕ್ಕೆ 84 ಮಂದಿಯದು, ಅವರೆಲ್ಲ ಹಾಯಾಗಿ ಓಡಾಡಿಕೊಂಡಿದ್ದಾರೆ ಎಂದರು. ‘ನಿನ್ನ ಅಪ್ಪನ ಡಿಸ್ಕ್ ಅಂದು ಯಾವ ನೆಪಕ್ಕಾದರೂ ಜಾರುತ್ತಿತ್ತು. ಈಗ ಉಳಿದಿರುವ ನೋವಿಗಂತೂ ನಿನ್ನ ಚೀಲದ ಪರಿಚಯವೇ ಇಲ್ಲ.’ ಮಗಳು ನಗಲಿಲ್ಲ, ಅಳಲೂ ಇಲ್ಲ. ದಾರಿಯಲ್ಲಿ ಬಸ್ಸಿನಲ್ಲಿ ನಿದ್ದೆ ಹೋದಳು. ಅವಳು ಹಗಲಿನಲ್ಲಿ ನಿದ್ದೆ ಮಾಡಿದ್ದು ನಾನು ನೋಡಿಯೇ ಬಹಳ ಕಾಲವಾಗಿತ್ತು. ಡಾಕ್ಟರೇ, ನನ್ನ ನೋವಿಗೆ ನೀವು ಮಾಡಿದ್ದು ಒಂದು ತೂಕವಾದರೆ ಆ ಹತ್ತು ನಿಮಿಷ ಇನ್ನೊಂದು ತೂಕ.

ಔಷಧದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ನುಂಗಲು ಕೊಟ್ಟ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಖಿನ್ನತೆಯ ಮಾತ್ರೆ ಎಂದು ಚೀಟಿಯಲ್ಲಿ ಓದಿದ ಅಮ್ಮ, ‘ನನ್ನ ಮಗನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆಯೇ?’ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದೇ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಕೊಡುತ್ತಾರೆಂದು ಒಪ್ಪಿದ ಮೇಲೆ, ದಿನವೂ ಒಂಬತ್ತು ಗಂಟೆಗೆ ಅದನ್ನು ತಂದು ಕೊಡುವವರು ಅವರೇ. ಅಮ್ಮ, ನಿಮಗೆ ವಂದನೆ ಹೇಳಿದರೆ ಬೈಯುತ್ತೀರಿ, ಬೈಯಿರಿ.

ಫಿಸಿಯೋಥೆರಪಿಸ್ಟ್ ನನಗೆ ಕಲಿಸಿದ್ದು ವ್ಯಾಯಾಮಕ್ಕಿಂತ ಹೆಚ್ಚಾಗಿ ಲೆಕ್ಕ. ಚೆನ್ನಾಗಿದ್ದ ದಿನ ಸಾಲ ಮಾಡಿದವನಂತೆ ಕಪಾಟು ಜೋಡಿಸಿ, ಕಿಟಕಿ ಒರೆಸಿ, ಆಮೇಲೆ ಮೂರು ದಿನ ಮಲಗಿ ಬಡ್ಡಿ ಕಟ್ಟುವುದು ನನ್ನ ಪದ್ಧತಿಯಾಗಿತ್ತು. ಅವರು ಅಡುಗೆಮನೆಯ ಟೈಮರ್ ಇಟ್ಟುಕೊಳ್ಳಲು ಹೇಳಿದರು. ನಾಲ್ಕು ನಿಮಿಷ ನಡಿಗೆ, ಅಷ್ಟೇ. ಚೆನ್ನಾಗಿದ್ದರೂ ನಾಲ್ಕು, ಕೆಟ್ಟಿದ್ದರೂ ನಾಲ್ಕು. ಗಂಡಸಿನ ಮರ್ಯಾದೆಗೆ ಇಷ್ಟು ಪೆಟ್ಟು ಬೇರಾವುದೂ ಕೊಟ್ಟಿರಲಿಲ್ಲ. ವಾರಕ್ಕೆ ಒಂದು ನಿಮಿಷದಂತೆ ಏರಿ, ಕೆಲವು ತಿಂಗಳು ಜಾರಿ ಕೆಳಗಿಳಿದು, ಈಗ ನಲವತ್ತಕ್ಕೆ ಬಂದಿದ್ದೇನೆ. ಪ್ರತಿ 25 ನಿಮಿಷಕ್ಕೆ ಕುರ್ಚಿಯಿಂದ ಎದ್ದು ನಿಲ್ಲುವುದನ್ನು ಗೇಲಿ ಮಾಡದ ಸಹೋದ್ಯೋಗಿಗಳಿಗೂ, ಸಭೆಯಲ್ಲಿ ತಾವೂ ಎದ್ದು ನಿಂತು ಮಾತಾಡಿದ ಮೇಲಧಿಕಾರಿಗೂ ನಮಸ್ಕಾರ.

ಹೆಂಡತಿಯ ವಿಷಯ ಬರೆಯುವುದು ಕಷ್ಟ. ಅವಳು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಮುನ್ನ ಉಸಿರು ಬಿಗಿಹಿಡಿಯುತ್ತಿದ್ದಳು, ಹಾಸಿಗೆ ಅಲುಗಿದರೆ ನನಗೆ ಎಚ್ಚರವಾಗುತ್ತದೆಂದು. ಕತ್ತಲಲ್ಲಿ ಆ ನಿಂತ ಉಸಿರು ನನಗೆ ಕೇಳುತ್ತಿತ್ತು. ನಾನು ನಿದ್ದೆ ಬಂದವನಂತೆ ಬಿದ್ದುಕೊಂಡಿರುತ್ತಿದ್ದೆ. ಇಬ್ಬರೂ ಒಬ್ಬರಿಗಾಗಿ ಒಬ್ಬರು ನಟಿಸುತ್ತ ವರ್ಷಗಟ್ಟಲೆ ನಿದ್ದೆಗೆಟ್ಟೆವು. ಒಂದು ರಾತ್ರಿ ಅವಳು ಎದ್ದು ಕೂತು, ‘ಈ ನೋವಿನ ಸಂಸಾರ ನನಗೆ ಸಾಕಾಗಿಹೋಗಿದೆ. ಹೇಳುವ ಹಾಗೂ ಇಲ್ಲ, ಹೇಳಿದರೆ ನಾನು ಕೆಟ್ಟವಳಾಗುತ್ತೇನೆ’ ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಿರಾಳ. ನನಗೂ ಸಾಕಾಗಿತ್ತಲ್ಲ! ಬೆಳಗಿನ ಮೂರರ ತನಕ ಮಾತಾಡಿದೆವು, ಹೆಚ್ಚಿನದು ಹಳೆಯ ದೂರುಗಳೇ. ಅವಳ ಕೆಲಸದಲ್ಲಿ ಬಡ್ತಿ ಬಂದದ್ದನ್ನು ಅವಳು ನನಗೆ ಹನ್ನೊಂದು ದಿನ ತಡವಾಗಿ ಹೇಳಿದ್ದಳೆಂದು ಅಂದು ತಿಳಿಯಿತು. ಆ ಹನ್ನೊಂದು ದಿನ ನನಗೆ ತೀರಾ ಕೆಟ್ಟಿತ್ತಂತೆ, ಸಂತೋಷದ ಸುದ್ದಿಗೆ ಹೊತ್ತು ಸಿಗಲಿಲ್ಲವಂತೆ. ಇದಕ್ಕೆ ವಂದನೆ ಸಾಲದು, ಕ್ಷಮೆಯನ್ನೂ ಕೇಳಬೇಕು. ಕೇಳಿದ್ದೇನೆ. ಇಲ್ಲಿ ಇನ್ನೊಮ್ಮೆ.

ಮಗನಿಗೆ ಆಗ ಒಂದೂವರೆ ವರ್ಷ. ಎತ್ತಿಕೋ ಎಂದು ಎಲ್ಲರೆದುರು ಎರಡೂ ಕೈ ಚಾಚುತ್ತಿದ್ದ ಕೂಸು ನನ್ನೆದುರು ಮಾತ್ರ ಕೈ ಚಾಚುವುದನ್ನು ಬಿಟ್ಟಿತು. ಪಕ್ಕದ ಸ್ಟೂಲು ಹತ್ತಿ, ಅಲ್ಲಿಂದ ಮಂಚಕ್ಕೆ ದಾಟಿ, ತೆವಳಿಕೊಂಡು ತಾನೇ ನನ್ನ ತೊಡೆಗೆ ಬಂದು ಕೂರುತ್ತಿತ್ತು. ಯಾರೂ ಕಲಿಸಿದ್ದಲ್ಲ.

ಇನ್ನು ಆ ಕ್ಯಾಲೆಂಡರುಗಳು. ಎರಡು ವರ್ಷದ ಹಿಂದೆ ಕಪಾಟಿನಿಂದ ಹಳೆಯ ಕ್ಯಾಲೆಂಡರುಗಳ ಕಟ್ಟು ಜಾರಿ ಬಿತ್ತು. ತಾರೀಕುಗಳ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಅಂಕಿಗಳು: 6, 4, 7, 7, 8. ಆಸ್ಪತ್ರೆಗಳಲ್ಲಿ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದು ಹೇಳಲು ಕೇಳುತ್ತಾರೆ. ಅದನ್ನು ಕೇಳಿಸಿಕೊಂಡಿದ್ದ ಮಗಳು ಮನೆಯಲ್ಲಿ ತಾನೇ ಅಳತೆ ಇಟ್ಟಿದ್ದಳು. ನನ್ನನ್ನು ಕೇಳದೆಯೇ. ಚಪ್ಪಲಿಯ ಸದ್ದಿನಿಂದ ತಿಳಿಯುತ್ತಿತ್ತಂತೆ. ಎಡಗಾಲು ಎಳೆದರೆ ಆರು. ಬಾಗಿಲ ಹೊರಗೆ ಒಂದು ಕ್ಷಣ ನಿಂತು ಉಸಿರೆಳೆದುಕೊಂಡರೆ ಎಂಟು. ಒಂದು 8ರ ಕೆಳಗೆ ‘ಪ್ರವಾಸ, ಸಹಿ’ ಎಂದು ಬರೆದು, ಬಾಣ ಎಳೆದು ಮರುದಿನಕ್ಕೆ ದಾಟಿಸಿದ್ದಳು. ಮರುದಿನ 7. ಮತ್ತೆ ಬಾಣ. ಅದರಾಚೆಯ ಚೌಕದಲ್ಲಿ ‘ಬೇಡ’ ಎಂದಿತ್ತು. ಆ ಪ್ರವಾಸಕ್ಕೆ ಅವಳು ಹೋಗಲಿಲ್ಲ. ಅವಳಿಗೆ ಇಷ್ಟವಿರಲಿಲ್ಲ ಎಂದೇ ನಾವು ತಿಳಿದಿದ್ದೆವು.

ಮಗಳನ್ನು ಕರೆದು ಕೂರಿಸಿಕೊಂಡು, ‘ಇನ್ನು ಮುಂದೆ ಅಂಕಿ ನಾನೇ ಹೇಳುತ್ತೇನೆ, ಊಹಿಸುವ ಕೆಲಸ ನಿನ್ನದಲ್ಲ. ಎಂಟಿದ್ದರೂ ಸಹಿ ಮಾಡಲು ಬರುತ್ತದೆ’ ಎಂದೆ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಹೆಜ್ಜೆ ಸದ್ದಾಗದಂತೆ ಓಡಾಡುವುದು, ನನ್ನ ಮುಖ ನೋಡಿ ಮಾತು ನುಂಗುವುದು ಮುಂದುವರಿಯಿತು.

ಕಳೆದ ವರ್ಷ, ನಾನು ಪೂರ್ಣಾವಧಿ ಕೆಲಸಕ್ಕೆ ಮರಳಿದ ಎರಡನೆಯ ವಾರ, ಗೆಳತಿಯ ಮನೆಯಲ್ಲಿ ಎರಡು ರಾತ್ರಿ ಉಳಿಯುತ್ತೇನೆಂದಳು. ನಾನು ಬೇಡವೆಂದೆ. ಕಾರಣ ಕೇಳಿದಳು. ಸರಿಯಾದ ಕಾರಣ ನನ್ನಲ್ಲಿರಲಿಲ್ಲ, ದನಿ ಏರಿಸಿದೆ. ಆಗ ಅವಳು ಅಡುಗೆಮನೆಯ ನಡುವೆ ನಿಂತು, ‘ನಿನಗೆ ನೋವಿದೆ ಎಂದ ಮಾತ್ರಕ್ಕೆ ನೀನು ಹೇಳಿದ್ದೆಲ್ಲ ಸರಿಯಾಗುವುದಿಲ್ಲ ಅಪ್ಪ!’ ಎಂದು ಕೂಗಿ, ಕೋಣೆಗೆ ಹೋಗಿ ಬಾಗಿಲನ್ನು ದಢಾರನೆ ಹಾಕಿಕೊಂಡಳು. ಅಮ್ಮ ಹೆದರಿ ನನ್ನ ಮುಖ ನೋಡಿದರು. ಹೆಂಡತಿ ಸೌಟು ಹಿಡಿದು ನಿಂತಲ್ಲೇ ನಿಂತಳು. ಅಂದು ನೋವಿನ ಅಂಕಿ ಆರು ಇತ್ತು, ಜಗಳವಾದ ಮೇಲೂ ಆರೇ ಇತ್ತು. ಯಾರಿಗೂ ಏನೂ ಆಗಲಿಲ್ಲ. ಐದು ವರ್ಷದಲ್ಲಿ ಆ ಮನೆಯಲ್ಲಿ ಬಾಗಿಲು ಅಷ್ಟು ಜೋರಾಗಿ ಮುಚ್ಚಿದ್ದು ಅದೇ ಮೊದಲು. ನಾನು ಹೊರಗಿನಿಂದಲೇ ‘ಬಾಗಿಲು ಮುರಿಯುತ್ತೀಯಾ?’ ಎಂದು ಕೂಗಿದೆ. ಕೂಗುತ್ತಾ ನಗು ತಡೆಯಲಾಗಲಿಲ್ಲ. ಅಂದು ಅವಳು ಗೆದ್ದಳು, ಎರಡು ರಾತ್ರಿ ಉಳಿದು ಬಂದಳು.

ಮಗಳೇ, ನಿನಗೆ ಹೇಳಬೇಕಾದ ವಂದನೆ ಆ ಬಾಗಿಲಿಗಾಗಿ.

ಸಾಲಿನಲ್ಲಿ ನನಗೆ ಕುರ್ಚಿ ತಂದುಕೊಟ್ಟವರು, ‘ಯೋಗ ಮಾಡಿ ನೋಡಿ’ ಎಂದು ನಾಲ್ಕನೆಯ ಬಾರಿ ಹೇಳದೆ ತಡೆದುಕೊಂಡವರು, ಕೊನೆಯ ಗಳಿಗೆಯಲ್ಲಿ ಬರಲಾಗದು ಎಂದ ಮೇಲೂ ಮುಂದಿನ ಸಲ ಕರೆಯುವುದನ್ನು ಬಿಡದ ಇಬ್ಬರು ಗೆಳೆಯರು, ನಿಮ್ಮನ್ನೆಲ್ಲ ನೆನೆದಿದ್ದೇನೆ. ಇನ್ನೂ ಬರೆಯುತ್ತಿದ್ದೆ. ಆದರೆ ಟೈಮರ್ ಹೊಡೆದು ಎರಡು ನಿಮಿಷವಾಯಿತು. ಮೊಬೈಲ್ ವಿಷಯಕ್ಕೆ ನಿನ್ನೆಯಿಂದ ನನ್ನೊಡನೆ ಮಾತು ಬಿಟ್ಟಿರುವ ಮಗಳು ತಮ್ಮನನ್ನು ಕಳಿಸಿದ್ದಾಳೆ. ಅವನು ಬಾಗಿಲಲ್ಲಿ ನಿಂತು, ‘ಅಪ್ಪ ಏಳಬೇಕಂತೆ. ಆದರೆ ಅಕ್ಕ ಹೇಳಿದ್ದು ಎಂದು ಹೇಳಬಾರದಂತೆ’ ಎನ್ನುತ್ತಿದ್ದಾನೆ.